ಮೀರ್ ಮೋಮಿನ್ ಸಾಹೇಬರ ಅಳತೆಗೋಲು

ಹೈದರಾಬಾದಿನ ಮೆಹದಿಪಟ್ಟಣಂ ಕಡೆಯವರು ತಮ್ಮ ಮನೆಯ ಗುರುತನ್ನು ಹೇಳುವಾಗ ಬೀದಿಯ ಹೆಸರಿಗಿಂತ ಕಂಬದ ಸಂಖ್ಯೆಯನ್ನೇ ಹೆಚ್ಚು ನೆಚ್ಚಿಕೊಂಡಿರುವರು. 2009ರಲ್ಲಿ ಸಂಚಾರಕ್ಕೆ ತೆರೆದ, ಇಲ್ಲಿಂದ ಹೊರಟು ಆರಾಂಘರ್‌ವರೆಗೆ ಹನ್ನೊಂದೂವರೆ ಕಿಲೋಮೀಟರಿಗೂ ತುಸು ಮಿಕ್ಕಿ ಚಾಚಿಕೊಂಡಿರುವ ಪಿ. ವಿ. ನರಸಿಂಹರಾವ್ ಮೇಲ್ಸೇತುವೆಯ ಕಂಬಗಳಿಗೆ ಎಣಿಕೆಯ ಅಂಕಿಗಳನ್ನು ಬರೆದಿದ್ದಾರೆ. ಇಂತಿಷ್ಟನೆಯ ಪಿಲ್ಲರಿನ ಎದುರಿಗೆ ಬನ್ನಿ ಎಂದರೆ ಆಟೋದವನಿಗೂ ಅಷ್ಟೇ ಸಾಕು, ನೆಂಟನಿಗೂ ಅಷ್ಟೇ ಸಾಕು. ಈ ಬಡಾವಣೆಯ ಬಸ್ಸು ನಿಲ್ದಾಣದಲ್ಲಿ ನಿಂತು ಪಶ್ಚಿಮದ ಬಸ್ಸನ್ನೇರಿದರೆ ಟೋಲಿಚೌಕಿಯ ಮೇಲೆ ಹಾಯ್ದು ಗೋಲ್ಕೊಂಡದ ಕೋಟೆಯನ್ನು ಸೇರಬಹುದು. ಪೂರ್ವದ ಬಸ್ಸನ್ನೇರಿದರೆ ಹಳೆಯ ನಗರದ ಕಡೆಗೆ, ಚಾರ್ಮಿನಾರಿನ ಬಳಿಗೆ ಹೋಗಬಹುದು. ನಾಲ್ಕು ಶತಮಾನಗಳ ಹಿಂದೆ ಒಂದು ರಾಜ್ಯವು ತನ್ನ ಬೆಟ್ಟದ ಕೋಟೆಯಿಂದ ಇಳಿದು, ನದಿಯನ್ನು ದಾಟಿ, ಬಯಲಿನ ನಗರಕ್ಕೆ ಬಂದು ನೆಲಸಿದ ಆ ಪ್ರಯಾಣವನ್ನು ನಾವು ಈಗ ಮೆಹದಿಪಟ್ಟಣದ ನಡುವೆ ನಿಂತು ಎರಡು ಬಸ್ಸುಗಳಲ್ಲಿ ಮಾಡಿ ಮುಗಿಸುತ್ತೇವೆ.

ಆ ಪ್ರಯಾಣಕ್ಕೆ ನಕ್ಷೆ ಬರೆದವರೆಂದು ಪರಂಪರೆಯು ಒಬ್ಬ ಮೇಷ್ಟರನ್ನು ಹೆಸರಿಸುತ್ತದೆ. ಅವರು ಶಿಲ್ಪಿಯಲ್ಲ, ಸೇನಾನಿಯಲ್ಲ; ಶಿಯಾ ಮತದ ಧರ್ಮಶಾಸ್ತ್ರವನ್ನೂ ತರ್ಕವನ್ನೂ ಪಾಠ ಹೇಳುತ್ತಿದ್ದ, ಪಾರಸಿಕದಲ್ಲಿ ಪದ್ಯ ಬರೆಯುತ್ತಿದ್ದ, ಇರಾನಿನ ಅಸ್ತರಾಬಾದಿನಿಂದ ಬಂದ ಮೀರ್ ಮುಹಮ್ಮದ್ ಮೋಮಿನ್ ಎಂಬ ಸಯ್ಯದರು. ಬಡಾವಣೆಗೆ ಹೆಸರು ಬಂದುದು ಅವರಿಂದಲ್ಲ. ಹೈದರಾಬಾದ್ ಸಂಸ್ಥಾನದ ಅಧಿಕಾರಿಯೂ ಮಂತ್ರಿಯೂ ಆಗಿದ್ದು, 1960ರಲ್ಲಿ ಗುಜರಾತಿನ ಪ್ರಥಮ ರಾಜ್ಯಪಾಲರಾದ ಮೆಹದಿ ನವಾಜ್ ಜಂಗರಿಂದ. ಆದರೆ ಮೆಹದಿ ಎಂಬ ಆ ಶಬ್ದಕ್ಕೂ ಮೀರ್ ಮೋಮಿನರ ಬಾಳಿಗೂ ಒಂದು ಸಂಬಂಧವುಂಟು. ಅದನ್ನು ಮುಂದೆ ಹೇಳುವೆನು.

ಶಿಯಾ ವಿದ್ವಾಂಸನೆಂದರೆ ಯಾರು ಎಂಬುದನ್ನು ನಮ್ಮ ಸಾಮಾನ್ಯ ಓದುಗರಿಗೆ ಎರಡು ಮಾತಿನಲ್ಲಿ ತಿಳಿಸಬೇಕು. ಪ್ರವಾದಿಗಳ ಅನಂತರ ಸಮುದಾಯದ ನೇತೃತ್ವವು ಅವರ ಅಳಿಯನಾದ ಅಲಿಗೂ ಆತನ ಸಂತತಿಯ ಇಮಾಮರಿಗೂ ಸಲ್ಲತಕ್ಕದ್ದು ಎಂದು ನಂಬುವವರು ಶಿಯಾಗಳು. 680ನೆಯ ಇಸವಿಯಲ್ಲಿ ಕರ್ಬಲಾದ ಮರಳಿನಲ್ಲಿ ಹತನಾದ ಹುಸೇನನು ಆ ಪರಂಪರೆಯ ಮೂರನೆಯವನು. ಹನ್ನೆರಡನೆಯ ಇಮಾಮನಾದ ಮೆಹದಿಯು ಮರೆಯಾಗಿರುವನು, ಲೋಕಾಂತ್ಯದಲ್ಲಿ ಪ್ರಕಟನಾಗುವನು ಎಂಬುದು ಅವರ ಶ್ರದ್ಧೆ. ಇಮಾಮನು ಕಣ್ಣಿಗೆ ಕಾಣದಿರುವ ಈ ದೀರ್ಘಕಾಲದಲ್ಲಿ ಧರ್ಮಸಂದೇಹಗಳಿಗೆ ಉತ್ತರ ಹೇಳುವವರಾರು? ಕುರಾನನ್ನೂ ಇಮಾಮರ ವಚನಗಳನ್ನೂ ವ್ಯಾಕರಣ ತರ್ಕಗಳನ್ನೂ ದಶಕಗಳ ಕಾಲ ಅಭ್ಯಾಸ ಮಾಡಿ, ಸ್ವತಂತ್ರವಾಗಿ ನಿರ್ಣಯ ಹೇಳಬಲ್ಲ ಯೋಗ್ಯತೆಯನ್ನು ಪಡೆದ ಪಂಡಿತನು. ಆತನನ್ನು ಮುಜ್ತಹಿದ್ ಎನ್ನುವರು. ಇಂದಿಗೂ ನಜಫ್ ಮತ್ತು ಕೋಮ್ ನಗರಗಳ ವಿದ್ಯಾಪೀಠಗಳಲ್ಲಿ ಗುರುವಿನ ಸುತ್ತ ನೆಲದ ಮೇಲೆ ಕುಳಿತು, ಪ್ರಶ್ನೆ ಕೇಳಿ, ಅಡ್ಡಪ್ರಶ್ನೆ ಕೇಳಿ, ಈ ವಿದ್ಯೆಯನ್ನು ಸಂಪಾದಿಸುತ್ತಾರೆ. ಹಾಗೆ ನೋಡಿದರೆ ನಮ್ಮ ಹಳೆಯ ಅಗ್ರಹಾರಗಳ ವಾಕ್ಯಾರ್ಥದ ಸಭೆಗೂ ಅದಕ್ಕೂ ದೂರವೇನೂ ಬಹಳವಿಲ್ಲ.

ಮೀರ್ ಮೋಮಿನರು ಹುಟ್ಟಿದ ಅಸ್ತರಾಬಾದು ಕ್ಯಾಸ್ಪಿಯನ್ ಸಮುದ್ರದ ಆಗ್ನೇಯ ಮೂಲೆಯ ಊರು. ಈಗ ಅದಕ್ಕೆ ಗೋರ್ಗಾನ್ ಎಂದು ಹೆಸರು. ಬಾಲ್ಯದಲ್ಲಿ ಅವರಿಗೆ ವಿದ್ಯೆ ಕಲಿಸಿದವರು ಸೋದರಮಾವಂದಿರಾದ ಮೀರ್ ಫಖ್ರುದ್ದೀನ್ ಸಮ್ಮಾಕಿಯವರು. ಇಸ್ಫಹಾನಿನ ತತ್ತ್ವಶಾಸ್ತ್ರಕ್ಕೆ ಹೊಸ ಕಳೆಯನ್ನು ತಂದ ಮೀರ್ ದಾಮಾದನೂ ಅದೇ ಸಮ್ಮಾಕಿಯವರ ಬಳಿ ಓದಿದವನು. ಒಂದೇ ಗುರುಮನೆಯ ಒಂದು ಕವಲು ಇಸ್ಫಹಾನಿನಲ್ಲಿ ಗ್ರಂಥಗಳಾಗಿ ಹಬ್ಬಿತು; ಇನ್ನೊಂದು ಕವಲು ಮೂಸಿ ನದಿಯ ದಂಡೆಯಲ್ಲಿ ಬೀದಿಗಳಾಗಿ ಹಬ್ಬಿತು.

ವಿದ್ಯಾಭ್ಯಾಸ ಮುಗಿದ ಮೇಲೆ ಮೋಮಿನರಿಗೆ ದೊರೆತ ಉದ್ಯೋಗವು ಗೌರವದ್ದೂ ಹೌದು, ಗಂಡಾಂತರದ್ದೂ ಹೌದು. ಸಫವಿ ಸಾಮ್ರಾಟನಾದ ಷಾಹ ತಹಮಾಸ್ಪನ ಮಗ ರಾಜಕುಮಾರ ಹೈದರ್ ಮಿರ್ಜಾನಿಗೆ ಅವರು ಅಧ್ಯಾಪಕರಾದರು. 1576ರ ಮೇ ತಿಂಗಳಲ್ಲಿ ತಹಮಾಸ್ಪನು ರಾಜಧಾನಿ ಕಜ್ವೀನಿನಲ್ಲಿ ಕಣ್ಣುಮುಚ್ಚಿದ ಮರುಗಳಿಗೆಯಿಂದಲೇ ಸಿಂಹಾಸನಕ್ಕಾಗಿ ಕತ್ತಿಗಳು ಒರೆಯಿಂದ ಹೊರಬಂದುವು. ಅರಮನೆಯೊಳಗೆ ಸಿಕ್ಕಿಬಿದ್ದ ಹೈದರನು ಸ್ತ್ರೀವೇಷವನ್ನು ಧರಿಸಿ ತಪ್ಪಿಸಿಕೊಳ್ಳಲೆತ್ನಿಸಿದನಾದರೂ ಗುರುತು ಸಿಕ್ಕಿ ಹತನಾದನು. ಇಪ್ಪತ್ತು ವರ್ಷಗಳಷ್ಟು ಕಾಲ ಸೆರೆಯಲ್ಲಿ ಕೊಳೆತು ಬಂದ ಅಣ್ಣ ಎರಡನೆಯ ಇಸ್ಮಾಯಿಲನು ಪಟ್ಟವೇರಿ ರಾಜವಂಶದ ಕುಮಾರರನ್ನು ಒಬ್ಬೊಬ್ಬರನ್ನಾಗಿ ಕೊಲ್ಲಿಸಿದನಲ್ಲದೆ ಶಿಯಾ ಪಂಡಿತರ ವಿಷಯದಲ್ಲಿಯೂ ವಿಮುಖನಾದನು. ಸತ್ತ ಶಿಷ್ಯನ ಗುರುವಿಗೆ ಅಂತಹ ಊರಿನಲ್ಲಿ ಏನು ಕೆಲಸ? ಮೋಮಿನರು ಕಜ್ವೀನನ್ನು ಬಿಟ್ಟರು. 1581ರಲ್ಲಿ ಗೋಲ್ಕೊಂಡಕ್ಕೆ ಬಂದರು.

ಗೋಲ್ಕೊಂಡವೇ ಏಕೆ ಎಂದರೆ, ಆ ಕಾಲದಲ್ಲಿ ದಖ್ಖಣವು ಇರಾನಿನ ವಿದ್ವಾಂಸರಿಗೆ ಅಪರಿಚಿತವಾದ ದೇಶವೇ ಅಲ್ಲ. ಈ ಕಥೆಯ ಬೇರು ನಮ್ಮ ಕರ್ನಾಟಕದಲ್ಲಿಯೇ ಇದೆ. ಕುತುಬಶಾಹಿ ವಂಶದ ಮೂಲಪುರುಷ ಸುಲ್ತಾನ್ ಕುಲಿಯು ಹಮದಾನಿನಿಂದ ಬಂದು ಉದ್ಯೋಗ ಹಿಡಿದುದು ಬೀದರಿನ ಬಹಮನಿ ಆಸ್ಥಾನದಲ್ಲಿ. ಇರಾನಿನಲ್ಲಿ ಷಾಹ ಇಸ್ಮಾಯಿಲನು 1501ರಲ್ಲಿ ಶಿಯಾ ಮತವನ್ನು ರಾಜ್ಯದ ಮತವನ್ನಾಗಿ ಸಾರಿದ ಮರುವರ್ಷದ ಸುಮಾರಿಗೆ ಬಿಜಾಪುರದಲ್ಲಿ ಯೂಸುಫ್ ಆದಿಲ್ ಷಾಹನು ಹನ್ನೆರಡು ಇಮಾಮರ ಹೆಸರಿನಲ್ಲಿ ಖುತ್ಬಾ ಎಂಬ ಶುಕ್ರವಾರದ ಪ್ರವಚನವನ್ನು ಓದಿಸಿದನು. ಶೀರಾಜಿನ ಮಹಾಪಂಡಿತ ಫತಹುಲ್ಲಾನು ಅಲಿ ಆದಿಲ್ ಷಾಹನ ಆಹ್ವಾನದ ಮೇಲೆ ಬಿಜಾಪುರಕ್ಕೆ ಬಂದು, 1583ರಲ್ಲಿ ಅಕ್ಬರನ ಆಸ್ಥಾನಕ್ಕೆ ಹೋದನು. ಹೀಗೆ ಹೊರಗಿನಿಂದ ಬಂದವರನ್ನು ಆಫಾಕಿಗಳೆಂದೂ ಇಲ್ಲಿಯೇ ನೆಲೆಗೊಂಡವರನ್ನು ದಖನಿಗಳೆಂದೂ ಕರೆಯುತ್ತಿದ್ದರು. ಇವರಿಬ್ಬರ ನಡುವಣ ಮತ್ಸರವು ಎಷ್ಟೋ ಮಂತ್ರಿಗಳ ತಲೆಯನ್ನು ತೆಗೆದಿದೆ. ಬೀದರಿನ ಮಹಮೂದ್ ಗವಾನನಿಗೆ 1481ರಲ್ಲಿ ಆದ ಗತಿಯನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಮೋಮಿನರು ಗೋಲ್ಕೊಂಡಕ್ಕೆ ಕಾಲಿಟ್ಟುದು ಅದಕ್ಕೆ ಸರಿಯಾಗಿ ನೂರು ವರ್ಷದ ಮೇಲೆ. ಅವರು ಮುಂದೆ ಮೂರು ದಶಕಗಳಿಗೂ ಮಿಕ್ಕಿ ಅಧಿಕಾರದಲ್ಲಿದ್ದು, ತಲೆಯನ್ನು ಹೆಗಲ ಮೇಲೆಯೇ ಇಟ್ಟುಕೊಂಡು, ಹಾಸಿಗೆಯಲ್ಲಿ ಪ್ರಾಣ ಬಿಟ್ಟರೆಂಬುದನ್ನು ನಾನು ಅವರ ಗ್ರಂಥಗಳಿಗಿಂತ ಕಡಿಮೆಯಾದ ಸಾಧನೆಯೆಂದು ತಿಳಿಯಲಾರೆ.

ಅವರು ಬಂದಾಗ ಗೋಲ್ಕೊಂಡದ ಸಿಂಹಾಸನದಲ್ಲಿದ್ದವನು ಮುಹಮ್ಮದ್ ಕುಲಿ ಕುತುಬ್ ಷಾಹ. ಹಿಂದಿನ ವರ್ಷವಷ್ಟೇ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಪಟ್ಟಕ್ಕೆ ಬಂದಿದ್ದ ಹುಡುಗ. ಇವನ ತಂದೆ ಇಬ್ರಾಹಿಂ ಕುತುಬ್ ಷಾಹನು ತಾರುಣ್ಯದಲ್ಲಿ ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ಏಳು ವರ್ಷ ಕಳೆದು, ತೆಲುಗಿನ ರುಚಿ ಹತ್ತಿಸಿಕೊಂಡು, ತೆಲುಗು ಕವಿಗಳ ಬಾಯಲ್ಲಿ ಮಲ್ಕಿಭರಾಮನೆನಿಸಿದ್ದವನು. ಮಗನು ದಖನಿಯಲ್ಲಿ ಕವಿತೆ ಬರೆದು, ಉರ್ದು ಸಾಹಿತ್ಯದ ಆದಿಕವಿಗಳ ಸಾಲಿನಲ್ಲಿ ಕುಳಿತವನು. ಮಳೆಗಾಲ, ಮಾವು, ಹಬ್ಬ, ಹೆಣ್ಣು ಇವೆಲ್ಲ ಅವನ ಕಾವ್ಯದ ವಸ್ತುಗಳು. ಇಂತಹ ರಸಿಕನಿಗೆ ಇಂತಹ ನಿಷ್ಠಾವಂತನಾದ ಶಾಸ್ತ್ರಿ ಜೊತೆಯಾದುದು ವಿಚಿತ್ರವೆಂದು ತೋರಬಹುದು. ಆದರೆ ಆ ಜೋಡಿಯು ಒಗ್ಗಿಹೋಯಿತು. 1585ರಲ್ಲಿ ಮೋಮಿನರು ರಾಜ್ಯದ ಪೇಶ್ವೆಯಾದರು. ಪೇಶ್ವೆಯೆಂದೊಡನೆ ನಮಗೆ ಪುಣೆಯ ನೆನಪಾಗುವುದು ಸಹಜ. ಪಾರಸಿಕದಲ್ಲಿ ಆ ಶಬ್ದಕ್ಕೆ ಮುಂದಾಳು ಎಂದಷ್ಟೇ ಅರ್ಥ, ಮರಾಠರು ಅದನ್ನು ದಖ್ಖಣದ ಸುಲ್ತಾನರಿಂದಲೇ ಎರವಲು ಪಡೆದರು.

ಗೋಲ್ಕೊಂಡದ ಬೆಟ್ಟದೊಳಗೆ ಜನ ಹೆಚ್ಚಿ, ನೀರು ಸಾಲದೆ, ರೋಗರುಜಿನಗಳು ಬಲಿತಿದ್ದ ಕಾಲವದು. 1578ರಲ್ಲಿ ಇಬ್ರಾಹಿಮನು ಮೂಸಿ ನದಿಗೆ ಕಟ್ಟಿಸಿದ್ದ ಸೇತುವೆ, ಇಂದಿನ ಪುರಾನಾಪುಲ್, ಆಚೆಯ ದಡಕ್ಕೆ ದಾರಿ ಮಾಡಿಕೊಟ್ಟಿತ್ತು. 1591ರಲ್ಲಿ, ಹಿಜರಿ ಶಕದ ಸಾವಿರದನೆಯ ವರ್ಷದಲ್ಲಿ, ಹೊಸ ನಗರವು ಆರಂಭವಾಯಿತು. ಅದರ ವಿನ್ಯಾಸವು ಸರಳವಾದುದು, ಸರಳವಾದುದರಿಂದಲೇ ಉಳಿದುಬಂದುದು. ಎರಡು ರಾಜಮಾರ್ಗಗಳು ಒಂದನ್ನೊಂದು ಕತ್ತರಿಸುವ ಕಡೆ ಚಾರ್ಮಿನಾರು. ನಾಲ್ಕು ದಿಕ್ಕಿಗೆ ನಾಲ್ಕು ದಾರಿ. ಉತ್ತರಕ್ಕೆ ತುಸು ನಡೆದರೆ ನಾಲ್ಕು ಕಮಾನುಗಳ ಚೌಕ, ಅದರ ನಡುವೆ ಈಗ ಗುಲ್ಜಾರ್ ಹೌಜ್ ಎನ್ನುವ ನೀರಿನ ಕೊಳ. ದಾರಿಗಳ ಇಬ್ಬದಿಗೂ ಅಂಗಡಿಸಾಲು. ಚಾರ್ಮಿನಾರಿನ ಮೇಲಂತಸ್ತಿನಲ್ಲಿ ಒಂದು ಮಸೀದಿಯುಂಟು. ಕಮಾನುಗಳ ಮೇಲಣ ಕೊಠಡಿಗಳಲ್ಲಿ ವಿದ್ಯಾರ್ಥಿಗಳಿಗೆ ಪಾಠ ನಡೆಯುತ್ತಿತ್ತೆಂದು ಹೇಳುವರು. ನಾಲ್ಕು ದಾರಿಗಳ ಸಂತೆಯ ಗದ್ದಲದ ನೆತ್ತಿಯ ಮೇಲೆ ಪಾಠಶಾಲೆಯನ್ನಿಡುವ ಯೋಚನೆಯು ಒಬ್ಬ ಉಪಾಧ್ಯಾಯನ ತಲೆಯಲ್ಲದೆ ಮತ್ತಾರ ತಲೆಯಲ್ಲಿ ಹೊಳೆದೀತು! 1595ರಲ್ಲಿ ಎದ್ದ ದಾರುಶ್ಶಿಫಾ ಎಂಬ ಆಸ್ಪತ್ರೆಯಲ್ಲಿಯೂ ಚಿಕಿತ್ಸೆಯ ಜೊತೆಗೆ ವೈದ್ಯಶಾಸ್ತ್ರದ ಬೋಧನೆ ನಡೆಯುತ್ತಿತ್ತು.

ಹೈದರಾಬಾದನ್ನು ಹೊಸ ಇಸ್ಫಹಾನ್ ಎಂದು ಹೊಗಳುವ ರೂಢಿಯಿದೆ. ಈ ಹೊಗಳಿಕೆಯಲ್ಲಿ ಒಂದು ತಮಾಷೆಯುಂಟು. ಪ್ರವಾಸಿಗಳು ಇಂದು ಬೆರಗಾಗಿ ನೋಡುವ ಇಸ್ಫಹಾನಿನ ಆ ವಿಶಾಲವಾದ ರಾಜಚೌಕವು ಷಾಹ ಅಬ್ಬಾಸನು 1598ರಲ್ಲಿ ರಾಜಧಾನಿಯನ್ನು ಅಲ್ಲಿಗೆ ಬದಲಾಯಿಸಿದ ಮೇಲೆ ರೂಪುಗೊಂಡುದು. ಆ ಹೊತ್ತಿಗಾಗಲೇ ಚಾರ್ಮಿನಾರಿನ ಗಾರೆ ಒಣಗಿ ಬೆಳ್ಳಗಾಗಿತ್ತು. ಅಣ್ಣನನ್ನು ತಮ್ಮನ ಹೆಸರಿನಿಂದ ಕರೆದಂತಾಯಿತಲ್ಲವೆ?

ನಗರದ ಹೆಸರಿನ ವಿಷಯವಾಗಿ ಭಾಗಮತಿಯ ಪ್ರೇಮಕಥೆಯನ್ನು ಎಲ್ಲರೂ ಕೇಳಿರುವರು. ಅದನ್ನು ಇಲ್ಲಿ ಹೇಳಿ ಕಾಲ ಕಳೆಯಲೊಲ್ಲೆ. ಹೈದರ್ ಎಂದರೆ ಸಿಂಹ, ಅದು ಅಲಿಯ ಬಿರುದು; ಶಿಯಾ ರಾಜನ ನಗರಕ್ಕೆ ಅದಕ್ಕಿಂತ ಉಚಿತವಾದ ಹೆಸರಿಲ್ಲ. ಆದರೂ ಕಜ್ವೀನಿನ ಅರಮನೆಯಲ್ಲಿ ಕೊಲೆಯಾದ ತಮ್ಮ ಶಿಷ್ಯನ ಹೆಸರೂ ಹೈದರನೆಂದೇ ಇದ್ದುದು ಮೋಮಿನರ ಮನಸ್ಸಿನಲ್ಲಿ ಒಂದು ಸಲವಾದರೂ ಹಾದುಹೋಗದೆ ಇದ್ದೀತೆ ಎಂದು ನಾನು ಯೋಚಿಸುವುದುಂಟು. ಇದು ಇತಿಹಾಸವಲ್ಲ, ನನ್ನ ಕಲ್ಪನೆ. ಓದುಗರು ಹಾಗೆಂದೇ ಎಣಿಸಿ ಮುಂದೆ ಸಾಗಬೇಕು.

ಅವರು ಬರೆದ ಗ್ರಂಥಗಳಲ್ಲಿ ನನ್ನ ಕುತೂಹಲವನ್ನು ಬಹಳವಾಗಿ ಕೆರಳಿಸಿದುದು ‘ರಿಸಾಲಾ-ಎ-ಮಿಕ್ದಾರಿಯಾ’. ಅದು ತೂಕ ಮತ್ತು ಅಳತೆಗಳನ್ನು ಕುರಿತ ಪುಸ್ತಕ. ಧರ್ಮಾಚಾರ್ಯನಾದವನು ಮೋಕ್ಷವನ್ನು ಬಿಟ್ಟು ಸೇರು ಬಳ್ಳಗಳ ಲೆಕ್ಕಕ್ಕೆ ಏಕೆ ಇಳಿದನು ಎಂದು ಕೇಳುವವರು ಶಿಯಾ ಧರ್ಮಶಾಸ್ತ್ರದ ಯಾವುದಾದರೊಂದು ಕೈಪಿಡಿಯ ಮೊದಲ ಪುಟಗಳನ್ನು ತಿರುವಬೇಕು. ಅಲ್ಲಿ ನೀರಿನ ಮಾತು ಬರುತ್ತದೆ: ಅಶುದ್ಧ ವಸ್ತು ಸೋಕಿದರೂ ತಾನು ಅಶುದ್ಧವಾಗದಿರಬೇಕಾದರೆ ನಿಂತ ನೀರು ಎಷ್ಟಿರಬೇಕು? ಒಂದು ‘ಕುರ್’ ಇರಬೇಕು. ಕುರ್ ಎಂದರೆಷ್ಟು? ಉದ್ದ, ಅಗಲ, ಆಳ ಮೂರೂ ಮೂರೂವರೆ ಗೇಣು ಎನ್ನುವರು ಒಬ್ಬರು. ತೂಕದಲ್ಲಾದರೆ ಇರಾಕಿನ 1200 ರತಲು ಎನ್ನುವುದು ಇನ್ನೊಂದು ವಚನ. ಯಾರ ಗೇಣು, ಯಾವ ಊರಿನ ರತಲು? ಪ್ರಯಾಣದಲ್ಲಿರುವವನು ನಮಾಜನ್ನು ಮೊಟಕುಗೊಳಿಸಬಹುದು. ಆದರೆ ಹೋಗಿಬರುವ ದೂರವು ಎಂಟು ಫರ್ಸಖ್ ಇರಬೇಕು. ಉಪವಾಸದ ಹಬ್ಬದ ದಿನ ತಲೆಗೆ ಒಂದು ‘ಸಾ’ ಧಾನ್ಯವನ್ನು ದಾನ ಮಾಡಬೇಕು. ನಾಲ್ಕು ‘ಮುದ್ದು’ ಕೂಡಿದರೆ ಒಂದು ಸಾ, ಈಗಿನ ಲೆಕ್ಕಕ್ಕೆ ಸುಮಾರು ಮೂರು ಕಿಲೋ. ಮದೀನೆಯ ಅಳತೆಯಲ್ಲಿ ಹೇಳಿದ ಧರ್ಮವನ್ನು ತೆಲಂಗಾಣದ ಸಂತೆಯಲ್ಲಿ ಅಕ್ಕಿ ಜೋಳ ಅಳೆಯುವವನು ಆಚರಿಸುವ ಬಗೆ ಹೇಗೆ? ಇದು ಪಂಡಿತರ ಹರಟೆಯ ಪ್ರಶ್ನೆಯಲ್ಲ, ಬಡವನ ಪಾಲಿಗೆ ಬೀಳುವ ಹಿಡಿ ಧಾನ್ಯದ ಪ್ರಶ್ನೆ. ಅಳತೆ ತಪ್ಪಿದರೆ ದಾನವೂ ತಪ್ಪುತ್ತದೆ.

ಇಂತಹ ವಿಷಯಕ್ಕೆ ಮನಸ್ಸು ಕೊಟ್ಟವನ ಕೈಯಲ್ಲಿ ನಗರವನ್ನು ಕೊಟ್ಟಾಗ ಬೀದಿಗಳು ಲಂಬಕೋನದಲ್ಲಿ ಕೂಡಿದುದರಲ್ಲಿ ಆಶ್ಚರ್ಯವೇನು? ನಗರಕ್ಕೆ ಹೊರಗೆ ಅವರು ಹಳ್ಳಿಗಳನ್ನೂ ನೆಲೆಗೊಳಿಸಿದರು. ಸಯ್ಯದಾಬಾದು ಅಂತಹುದೊಂದು, ಮೀರ್‌ಪೇಟೆ ಇನ್ನೊಂದು. ಮೊದಲು ಕೆರೆ, ಅದರ ಪಕ್ಕದಲ್ಲಿ ಮಸೀದಿ, ಆಮೇಲೆ ಮನೆಗಳು. ಇರಾನಿನಲ್ಲಿ ನೆಲದಡಿಯ ಕಾಲುವೆಗಳಿಂದ ನೀರು ತರುವುದನ್ನು ಕಂಡು ಬೆಳೆದವರು ಕಾಕತೀಯರ ನಾಡಿಗೆ ಬಂದು ಕೆರೆ ಕಟ್ಟುವ ಈ ನೆಲದ ಪದ್ಧತಿಯನ್ನು ಕೈಕೊಂಡರು. ಇಂದು ಆ ಹಳ್ಳಿಗಳು ನಗರದ ಹೊಟ್ಟೆಯೊಳಗೆ ಕರಗಿವೆ. ಹೆಸರುಗಳು ಬಸ್ಸಿನ ಫಲಕದ ಮೇಲೆ ಉಳಿದಿವೆ.

ಧರ್ಮಪಂಡಿತನು ರಾಜನ ಊಳಿಗಕ್ಕೆ ಸೇರುವುದು ಸರಿಯೆ ಎಂಬ ಪ್ರಶ್ನೆ ಆ ಕಾಲದ ಶಿಯಾ ಜಗತ್ತಿನಲ್ಲಿ ಉರಿಯುತ್ತಿದ್ದ ಪ್ರಶ್ನೆ. ಇಮಾಮನು ಮರೆಯಾಗಿರುವಾಗ ಆಳುವವನು ಯಾರೇ ಆಗಲಿ, ಅವನ ಅಧಿಕಾರವು ಪೂರ್ಣವಾಗಿ ನ್ಯಾಯಸಮ್ಮತವಲ್ಲವಷ್ಟೆ. ಇರಾನಿನ ಷಾಹನಿಂದ ಭೂಮಿಯ ಹುಟ್ಟುವಳಿಯನ್ನು ಪಡೆಯಬಹುದೆಂದು ಪಂಡಿತ ಅಲಿ ಅಲ್-ಕರಕಿಯು ವಾದಿಸಿದನು. ಕೂಡದೆಂದು ಇಬ್ರಾಹಿಂ ಅಲ್-ಕತೀಫಿಯು ಅದನ್ನು ಕಟುವಾಗಿ ಖಂಡಿಸಿದನು. ಮೋಮಿನರು ತಮ್ಮ ನಡತೆಯಿಂದ ಕರಕಿಯ ಪಕ್ಷವನ್ನು ಹಿಡಿದರೆನ್ನಬೇಕು. ಅವರು ಅಧಿಕಾರವನ್ನು ಬಯಸಿದರು, ಪಡೆದರು, ಬಿಡಲಿಲ್ಲ. ಅವರ ಕಾಲದಲ್ಲಿ ಇರಾನಿನಿಂದ ಬಂದವರಿಗೆ ಬಾಗಿಲು ಅಗಲವಾಗಿಯೇ ತೆರೆದಿತ್ತು, ಅದರಿಂದ ದಖನಿಗಳ ಹೊಟ್ಟೆ ಉರಿದುದೂ ಸುಳ್ಳಲ್ಲ. ಇದನ್ನು ಮುಚ್ಚಿಟ್ಟು ಅವರನ್ನು ಬರಿಯ ಸಂತರನ್ನಾಗಿ ಚಿತ್ರಿಸುವ ಚರಿತ್ರೆಗಳು ನನಗೆ ರುಚಿಸವು.

1612ರ ಜನವರಿಯಲ್ಲಿ ಮುಹಮ್ಮದ್ ಕುಲಿಯು ಗಂಡುಸಂತಾನವಿಲ್ಲದೆ ತೀರಿಕೊಂಡಾಗ ಕಜ್ವೀನಿನ ರಕ್ತಪಾತವು ಇಲ್ಲಿಯೂ ಮರುಕಳಿಸಬಹುದಾಗಿತ್ತು. ಅದರ ಬಿಸಿಯನ್ನು ಉಂಡಿದ್ದ ಮುದುಕರಾದ ಮೋಮಿನರು ಅವಕಾಶ ಕೊಡಲಿಲ್ಲ. ರಾಜನ ಅಳಿಯನೂ ತಮ್ಮನ ಮಗನೂ ಆದ, ಹದಿನೆಂಟರ ಆಸುಪಾಸಿನ ಸುಲ್ತಾನ್ ಮುಹಮ್ಮದನನ್ನು ತಡಮಾಡದೆ ಪಟ್ಟಕ್ಕೆ ಕೂರಿಸಿದರು. ಈ ಹೊಸ ಅರಸನು ಓದುಗ, ಗಂಭೀರ ಸ್ವಭಾವದವನು. ಮಾವನ ಕವಿತೆಗಳನ್ನೆಲ್ಲ 1616ರಲ್ಲಿ ಒಂದು ಕಟ್ಟಾಗಿ ಕೂಡಿಸಿದವನು ಇವನೇ. ಲೆಬನಾನಿನ ಜಬಲ್ ಆಮಿಲ್ ಪ್ರಾಂತದ ಇಬ್ನ್ ಖಾತೂನ್ ಎಂಬ ತರುಣ ಪಂಡಿತನು ಮೋಮಿನರ ಕೈಕೆಳಗೆ ಪಳಗಿ, ಇರಾನಿಗೆ ರಾಯಭಾರಿಯಾಗಿ ಹೋಗಿಬಂದು, ಮುಂದೆ ತಾನೂ ಪೇಶ್ವೆಯಾದನು. ಗುರುಗಳ ಆಸನವು ಬರಿದಾಗದಂತೆ ಗುರುಗಳೇ ನೋಡಿಕೊಂಡಿದ್ದರು.

ಮೆಹದಿಯ ಮಾತನ್ನು ಹೇಳುವೆನೆಂದಿದ್ದೆ. ಮೋಮಿನರು ಅರಬಿಯಲ್ಲಿ ಬರೆದ ಗ್ರಂಥವೊಂದರ ವಿಷಯ ‘ರಜಅತ್’. ಹಾಗೆಂದರೆ ಮರಳಿ ಬರುವಿಕೆ: ಮೆಹದಿಯು ಪ್ರಕಟನಾದಾಗ, ಪ್ರಳಯಕ್ಕೆ ಮುಂಚೆಯೇ, ಅತಿ ಸಜ್ಜನರೂ ಅತಿ ದುರ್ಜನರೂ ಆದ ಕೆಲವು ಮೃತರು ಈ ಭೂಮಿಗೆ ಹಿಂದಿರುಗಿ, ಅನ್ಯಾಯವಾದವರಿಗೆ ಇಲ್ಲಿಯೇ ನ್ಯಾಯವಾಗುವುದೆಂಬ ಸಿದ್ಧಾಂತ. ಶಿಷ್ಯನನ್ನು ಕಳೆದುಕೊಂಡು, ದೇಶವನ್ನು ಕಳೆದುಕೊಂಡು ಬಂದವರಿಗೆ ಹಿಂದಿರುಗುವಿಕೆಯು ಪ್ರಿಯವಾದ ವಿಷಯವಾದುದನ್ನು ಬಲ್ಲವರೇ ಬಲ್ಲರು. ಅವರು ಮಾತ್ರ ಇರಾನಿಗೆ ಹಿಂದಿರುಗಲಿಲ್ಲ.

ಮುಹಮ್ಮದ್ ಕುಲಿಯ ಕಾಲದಲ್ಲಿ ಕಟ್ಟಿದ ಶೋಕಮಂದಿರವಾದ ಬಾದಶಾಹಿ ಆಶೂರ್‌ಖಾನಾದ ಗೋಡೆಗಳ ಮೇಲೆ ಬಣ್ಣದ ಹೆಂಚಿನ ಅಲಂಕಾರವು ಇನ್ನೂ ಉಳಿದಿದೆ. ಮೊಹರಮ್ಮಿನಲ್ಲಿ ಅಲ್ಲಿ ಅಲಂ ಎಂಬ ಧ್ವಜಲಾಂಛನಗಳನ್ನು ಸ್ಥಾಪಿಸಿ, ಮಜಲಿಸ್ ಎಂಬ ಶೋಕಸಭೆ ನಡೆಸಿ, ಕರ್ಬಲಾವನ್ನು ನೆನೆದು ಅಳುತ್ತಾರೆ. ನಮ್ಮ ಕಲಬುರಗಿ, ರಾಯಚೂರು, ಬಿಜಾಪುರದ ಹಳ್ಳಿಗಳಲ್ಲಿ ಶಿಯಾ ಮನೆ ಒಂದೂ ಇಲ್ಲದ ಕಡೆಯೂ ಅಲಾಯಿ ಕುಣಿ ತೋಡಿ, ಹಸೇನ ಹುಸೇನರ ಡೋಲಿ ಹೊತ್ತು, ರಿವಾಯತ್ ಹಾಡುವ ಒಕ್ಕಲಿಗರ ಆಚರಣೆಯ ಮೂಲವನ್ನು ಹುಡುಕಿ ಹೊರಟರೆ ದಖ್ಖಣದ ಈ ಆಸ್ಥಾನಗಳ ಬಾಗಿಲಿಗೇ ಬಂದು ನಿಲ್ಲುತ್ತೇವೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಂತಹ ಶಿಯಾ ಊರುಗಳೂ ನಮ್ಮಲ್ಲುಂಟು. ಮೊಹರಮ್ಮಿನ ಹತ್ತನೆಯ ದಿನ ಹೈದರಾಬಾದಿನ ದಬೀರ್‌ಪುರದಿಂದ ಬೀಬಿ ಕಾ ಅಲಂ ಆನೆಯ ಮೇಲೆ ಹೊರಡುತ್ತದೆ. 2024ರಲ್ಲಿ ಅದನ್ನು ಹೊತ್ತ ರೂಪವತಿ ಎಂಬ ಆನೆ ಕರ್ನಾಟಕದಿಂದ ಹೋದುದು.

ಮೋಮಿನರ ಜೀವನವನ್ನು ಉರ್ದುವಿನಲ್ಲಿ ವಿಸ್ತಾರವಾಗಿ ಬರೆದವರು ಡಾಕ್ಟರ್ ಮೊಹಿಯುದ್ದೀನ್ ಖಾದ್ರಿ ಜೋರ್. 1931ರಲ್ಲಿ ಇದಾರಾ-ಎ-ಅದಬಿಯಾತ್-ಎ-ಉರ್ದು ಸಂಸ್ಥೆಯನ್ನು ಸ್ಥಾಪಿಸಿದ ವಿದ್ವಾಂಸರು. ಆ ಪುಸ್ತಕವನ್ನು ಕನ್ನಡಕ್ಕೆ ತರುವ ಕೆಲಸವನ್ನು ಉರ್ದು ಬಲ್ಲ ನಮ್ಮ ಕಲ್ಯಾಣ ಕರ್ನಾಟಕದ ಯಾರಾದರೊಬ್ಬರು ಮಾಡಬಾರದೆ? ಬೀದರು ಬಿಜಾಪುರಗಳ ಕಥೆಯ ಅರ್ಧ ಭಾಗವು ಅದರಲ್ಲಿದೆ.

1625ರಲ್ಲಿ ಮೀರ್ ಮೋಮಿನ್ ಸಾಹೇಬರು ತೀರಿಕೊಂಡರು. ಅವರನ್ನು ಮಣ್ಣು ಮಾಡಿದುದು ಅವರೇ ಗೊತ್ತುಮಾಡಿ ಬಿಟ್ಟುಕೊಟ್ಟಿದ್ದ ರುದ್ರಭೂಮಿಯಲ್ಲಿ. ಅದನ್ನು ದಾಯ್ರಾ ಮೀರ್ ಮೋಮಿನ್ ಎನ್ನುತ್ತಾರೆ. ಕರ್ಬಲಾದಿಂದ ಮಣ್ಣು ತರಿಸಿ ಆ ನೆಲದ ಮೇಲೆ ಹರಡಿಸಿದ್ದರೆಂದು ಊರಿನವರು ಹೇಳುವರು. ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗರ ಮನೆತನದವರು ಮಲಗಿರುವುದು ಅಲ್ಲಿಯೇ. ಮೆಹದಿಪಟ್ಟಣದಿಂದ ಹೋಗುವವರು ಚಾರ್ಮಿನಾರಿನಲ್ಲಿ ಇಳಿದು, ಮೊಗಲ್‌ಪುರದ ಗಲ್ಲಿಗಳನ್ನು ಹಾಯ್ದು ಸುಲ್ತಾನ್ ಶಾಹಿಯ ಕಡೆಗೆ ನಡೆಯಬೇಕು. ಒಳಗೆ ಹೋದವರು ಇನ್ನೊಂದು ಸಮಾಧಿಯನ್ನೂ ಹುಡುಕಿ ನೋಡಿ ಬರಲಿ: 1968ರಲ್ಲಿ ಹೈದರಾಬಾದಿನಲ್ಲಿ ಕಾಲವಾದ ಹಿಂದುಸ್ತಾನಿ ಗಾಯಕ ಬಡೇ ಗುಲಾಮ್ ಅಲಿ ಖಾನರನ್ನು ಇಟ್ಟಿರುವುದೂ ಆ ಆವರಣದಲ್ಲಿಯೇ.